ಗೊಂಪಾದ ಗೋಡೆ ಓದುವ ಮುನ್ನ

ಸ್ಪಿತಿ, ಲಡಾಖ್ ಕಣಿವೆಗಳಿಗೆ ಕರ್ನಾಟಕದಿಂದ ಹೋಗಿಬರುವವರು ಈಗ ಬಹಳ ಮಂದಿ. ಬೈಕ್ ಏರಿ ಹೋಗುವವರು, ಚಾರಣಕ್ಕೆ ಹೋಗುವವರು ಒಂದು ಕಡೆಯಾದರೆ, ಇತಿಹಾಸವನ್ನೋ ಚಿತ್ರಕಲೆಯನ್ನೋ ಕಲಿಯುವ ಮಕ್ಕಳನ್ನು ಕಟ್ಟಿಕೊಂಡು ಅಧ್ಯಯನ ಪ್ರವಾಸ ಹೊರಡುವ ಮೇಷ್ಟರುಗಳು ಇನ್ನೊಂದು ಕಡೆ. ನಾನು ಎರಡನೆಯ ಗುಂಪಿನವನು. ಹೊರಡುವ ಮೊದಲಿನ ತಯಾರಿ ಸಭೆಯಲ್ಲಿ, ಆಮೇಲೆ ಬಸ್ಸಿನಲ್ಲಿ, ಕೊನೆಗೆ ಗೊಂಪಾದ (ಅಲ್ಲಿನ ಬೌದ್ಧ ಮಠದ) ಬಾಗಿಲಲ್ಲಿ ಕೂಡ ಕಿವಿಗೆ ಬೀಳುವ ಕೆಲವು ಮಾತುಗಳಿವೆ. ಯಾರೂ ಕೆಟ್ಟ ಮನಸ್ಸಿನಿಂದ ಆಡುವುದಲ್ಲ. ವಿಡಿಯೊ ನೋಡಿ, ಪ್ರವಾಸಿ ಕೈಪಿಡಿ ತಿರುವಿ, ಬೈಲಕುಪ್ಪೆಯ ಚಿನ್ನದ ದೇಗುಲಕ್ಕೆ ಒಂದು ಭಾನುವಾರ ಹೋಗಿಬಂದು ಕಟ್ಟಿಕೊಂಡ ಕಲ್ಪನೆಗಳು ಅವು. ಆದರೆ ಅವನ್ನೇ ನಂಬಿ ಒಳಗೆ ಕಾಲಿಟ್ಟರೆ ಕಣ್ಣೆದುರು ಇರುವುದು ಕಾಣುವುದಿಲ್ಲ. ನನ್ನ ಮಟ್ಟಿಗೆ ಗೊಂಪಾ ಮೊದಲು ಒಂದು ಪಾಠಶಾಲೆ. ಅದನ್ನು ಮರೆಸಿಬಿಡುವ ಮಾತುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

‘ಆ ಬೆಟ್ಟದ ಮಠಗಳೆಲ್ಲ ಟಿಬೆಟ್ ನಿರಾಶ್ರಿತರು ಕಟ್ಟಿಕೊಂಡವು’

ಬೈಲಕುಪ್ಪೆ, ಮುಂಡಗೋಡ ನೋಡಿ ಬೆಳೆದ ನಮಗೆ ಹೀಗನ್ನಿಸುವುದು ಸಹಜ. ಕೆಂಗಂದು ಬಟ್ಟೆ ಕಂಡ ಕೂಡಲೇ 1959ರ ಕತೆ ನೆನಪಾಗುತ್ತದೆ. ಆದರೆ ಸ್ಪಿತಿಯ ತಾಬೊ ಗೊಂಪಾ ಸ್ಥಾಪನೆಯಾದದ್ದು ಕ್ರಿ.ಶ. 996ರಲ್ಲಿ. ದಲಾಯಿ ಲಾಮಾ ಗಡಿ ದಾಟಿ ಭಾರತಕ್ಕೆ ಬರುವ ಹೊತ್ತಿಗೆ ಅದಕ್ಕೆ 963 ವರ್ಷ ತುಂಬಿತ್ತು. ಕಟ್ಟಿಸಿದವನು ಪುರಂಗ್-ಗುಗೆ ರಾಜ್ಯವನ್ನಾಳಿದ, ಆಮೇಲೆ ಕಾವಿ ಹಿಡಿದ ಯೆಶೆ ಓ. ಅವನ ಸೋದರನ ಮೊಮ್ಮಗ ಜಂಗ್‌ಚುಬ್ ಓ 1042ರಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿಸಿದ ಸಂಗತಿ ಒಳಗಿನ ಗೋಡೆಯ ಬರಹದಲ್ಲೇ ಇದೆ.

ಲಡಾಖ್ ಅಂತೂ 1834ರಲ್ಲಿ ಡೋಗ್ರಾ ಸೇನಾನಿ ಜೋರಾವರ್ ಸಿಂಗ್ ದಂಡೆತ್ತಿ ಬರುವವರೆಗೆ ತನ್ನದೇ ಅರಸರಿದ್ದ ರಾಜ್ಯ. ಲಡಾಖ್, ಸ್ಪಿತಿ, ಕಿನ್ನೌರಿನ ಬೌದ್ಧರು ತಲೆತಲಾಂತರದಿಂದ ಅಲ್ಲೇ ಇದ್ದವರು, ಭಾರತದ ಪ್ರಜೆಗಳು. ಲೇಹ್ ವಿಮಾನ ನಿಲ್ದಾಣಕ್ಕೆ ಹೆಸರು ಕೊಟ್ಟ ಕುಶೋಕ್ ಬಕುಲಾ ರಿಂಪೊಚೆ ಹಿರಿಯ ಭಿಕ್ಷು. ನಮ್ಮ ಲೋಕಸಭೆಯ ಸದಸ್ಯರಾಗಿದ್ದವರು, 1990ರಿಂದ ಹತ್ತು ವರ್ಷ ಮಂಗೋಲಿಯಾದಲ್ಲಿ ಭಾರತದ ರಾಯಭಾರಿಯಾಗಿದ್ದವರು. ಅಂಥ ಊರಿನವರನ್ನು ‘ನಿಮ್ಮ ದೇಶಕ್ಕೆ ಯಾವಾಗ ವಾಪಸು ಹೋಗುತ್ತೀರಿ’ ಎಂದು ಕೇಳಿದರೆ ಅವರ ಮನಸ್ಸಿಗೆ ಎಷ್ಟು ನೋವಾದೀತು ಎಂಬುದನ್ನು ಮಕ್ಕಳಿಗೆ ಹೊರಡುವ ಮೊದಲೇ ಹೇಳಬೇಕು.

‘ಹಳೆಯದಾದಷ್ಟೂ ಎತ್ತರದಲ್ಲಿರುತ್ತದೆ’

ಕ್ಯಾಲೆಂಡರಿನ ಚಿತ್ರಗಳು ಬೆಳೆಸಿದ ನಂಬಿಕೆ ಇದು. ಬೋಳು ಗುಡ್ಡದ ತುದಿ, ಅದಕ್ಕೆ ಅಂಟಿಕೊಂಡ ಬಿಳಿ ಗೂಡುಗಳು, ಮೇಲೆ ನೀಲಿ ಆಕಾಶ. ತಿಕ್ಸೆ, ಕೀ, ದಿಸ್ಕಿತ್ ಎಲ್ಲ ಹಾಗೇ ಇವೆ. ಆದರೆ ಈ ಸೀಮೆಯ ಅತಿ ಹಳೆಯ ದೇಗುಲಗಳಾದ ತಾಬೊ, ಆಲ್ಚಿ, ಈಗ ಹಾಳುಬಿದ್ದಿರುವ ಞರ್ಮಾ ಮೂರೂ ಕಣಿವೆಯ ತಳದಲ್ಲಿ, ಸಮನೆಲದಲ್ಲಿ, ಹೊಲಗಳ ಮಗ್ಗುಲಲ್ಲಿವೆ. ಮಂಡಲದ ನಕ್ಷೆಯಂತೆ ದೇಗುಲಗಳನ್ನು ಹರಡಿ ಕಟ್ಟಬೇಕಾದರೆ ಸಮತಟ್ಟು ಜಾಗ ಬೇಕಿತ್ತು. ಗುಡ್ಡ ಹತ್ತಿದ್ದು ಹದಿನೈದನೆಯ ಶತಮಾನದ ಸುಮಾರಿಗೆ, ಆಮೇಲೆ. ಯುದ್ಧ, ದಾಳಿಗಳ ಕಾಲದಲ್ಲಿ ಎತ್ತರದ ಜಾಗ ಕೋಟೆಯ ಕೆಲಸವನ್ನೂ ಮಾಡಿತು. ನೀರು ಹರಿಯುವ ತುಂಡು ನೆಲ ಬಾರ್ಲಿ ಬೆಳೆಯಲು ಉಳಿಯಿತು ಅನ್ನುವುದೂ ಸಣ್ಣ ಕಾರಣವಲ್ಲ.

ತಾಬೊ ಹೊರಗಿನಿಂದ ನೋಡಿದರೆ ಮಣ್ಣಿನ ಗೋಡೆಗಳ ದೊಡ್ಡ ಒಕ್ಕಲುಮನೆ. ಒಂದು ಆವರಣ, ಅದರೊಳಗೆ ಒಂಬತ್ತು ದೇಗುಲಗಳು, ನಡುನಡುವೆ ಸ್ತೂಪಗಳು. ಬಸ್ಸಿನಿಂದ ಇಳಿದ ಮಕ್ಕಳ ಮುಖದಲ್ಲಿ ಸಪ್ಪೆ ಭಾವ ಕಾಣುತ್ತದೆ. ಮುಖ್ಯ ದೇಗುಲದ ಒಳಗೆ ಕಾಲಿಟ್ಟಾಗ ಮೊದಲು ಕತ್ತಲೆ, ಬೆಣ್ಣೆದೀಪದ ಹಳೆಯ ಜಿಡ್ಡಿನ ವಾಸನೆ. ಚಾವಣಿಯ ನಡುವಿನ ಕಿಂಡಿಯಿಂದ ಇಳಿಯುವ ಬೆಳಕಿಗೆ ಕಣ್ಣು ಹೊಂದಲು ಕೆಲವು ನಿಮಿಷ ಬೇಕು. ಹೊಂದಿದ ಮೇಲೆ ತಲೆಯ ಎತ್ತರದಲ್ಲಿ, ಸುತ್ತಲೂ ಗೋಡೆಯಿಂದ ಹೊರಬಂದು ಪದ್ಮದ ಮೇಲೆ ಕುಳಿತಿರುವ ಆಳೆತ್ತರದ ಮಣ್ಣಿನ ದೇವತೆಗಳು ಒಬ್ಬೊಬ್ಬರಾಗಿ ತೋರುತ್ತಾರೆ. ನಡುವೆ ನಾಲ್ಕು ದಿಕ್ಕಿಗೂ ಮುಖಮಾಡಿದ ವೈರೋಚನ. ಅಲ್ಲಿಗೆ ನೀವು ಚಿತ್ರವನ್ನು ನೋಡುತ್ತ ನಿಂತಿಲ್ಲ, ಮಂಡಲದೊಳಗೇ ನಿಂತಿದ್ದೀರಿ.

ಆ ಮೂರ್ತಿಗಳ ಕೆಳಗೆ, ಎಲ್ಲರೂ ದಾಟಿ ಹೋಗಿಬಿಡುವ ಜಾಗದಲ್ಲಿ, ಒಂದು ಬದಿಗೆ ಬುದ್ಧನ ಜೀವನಕತೆ, ಇನ್ನೊಂದು ಬದಿಗೆ ಸುಧನನ ಕತೆ ಪಟ್ಟಿಪಟ್ಟಿಯಾಗಿ ಬರೆದಿದೆ. ಸುಧನ ಗಂಡವ್ಯೂಹ ಸೂತ್ರದಲ್ಲಿ ಬರುವ ವರ್ತಕರ ಮನೆಯ ಹುಡುಗ. ಬೋಧಿಸತ್ವನಂತೆ ಬದುಕುವುದು ಹೇಗೆಂದು ಕಲಿಯಬೇಕು ಅವನಿಗೆ. ಮಂಜುಶ್ರೀ ಅವನಿಗೆ ಉತ್ತರ ಹೇಳುವುದಿಲ್ಲ, ಒಬ್ಬ ಗುರುವಿನ ಬಳಿಗೆ ಕಳಿಸುತ್ತಾನೆ. ಆ ಗುರು ತನಗೆ ಗೊತ್ತಿರುವಷ್ಟನ್ನು ಹೇಳಿ ಮುಂದಿನವರತ್ತ ಕೈತೋರಿಸುತ್ತಾನೆ. ಹೀಗೆ ಐವತ್ತಕ್ಕೂ ಮಿಕ್ಕಿ ಗುರುಗಳು. ಭಿಕ್ಷುಗಳಿದ್ದಾರೆ, ಭಿಕ್ಷುಣಿ ಇದ್ದಾಳೆ. ಅರಸ, ಅಂಬಿಗ, ಸುಗಂಧದ ವ್ಯಾಪಾರಿ, ಗಣಿಕೆ, ಎಳೆಯ ಹುಡುಗಿ ಕೂಡ ಇದ್ದಾರೆ. ಸುಧನ ನಡೆಯುವುದು ಬಹುಪಾಲು ದಕ್ಷಿಣಾಪಥದಲ್ಲಿ. ಮೊದಲ ಕೆಲವು ಗುರುಗಳಲ್ಲಿ ಒಬ್ಬ ದ್ರಾವಿಡ ದೇಶದ ಮೇಘ. ಹಿಮಾಲಯದ ಗೋಡೆಯ ಮೇಲೆ ಸಾವಿರ ವರ್ಷದಿಂದ ದಕ್ಷಿಣದ ಒಂದು ಅಧ್ಯಯನ ಪ್ರವಾಸದ ಚಿತ್ರವಿದೆ ಎಂಬುದು ನನಗೆ ಈ ಇಡೀ ಸೀಮೆಯ ಅತ್ಯಂತ ಪ್ರಿಯವಾದ ಸಂಗತಿ. ಉಳಿದ ಎಲ್ಲ ಕಾರ್ಯಕ್ರಮ ಕೈಬಿಟ್ಟರೂ ಚಿಂತೆಯಿಲ್ಲ, ಈ ಪಟ್ಟಿಯ ಮುಂದೆ ಮಕ್ಕಳು ಒಂದು ತಾಸು ಕೂರಲಿ ಎನ್ನುತ್ತೇನೆ.

‘ಆಲ್ಚಿಯನ್ನು ಕಟ್ಟಿಸಿದವರು ರಿಂಚೆನ್ ಝಂಗ್ಪೊ’

ಲೇಹ್‌ನಿಂದ ಪಶ್ಚಿಮಕ್ಕೆ, ಸಿಂಧೂ ನದಿಯ ದಂಡೆಯ ಆಲ್ಚಿಯಲ್ಲಿ ಪ್ರತಿ ಮಾರ್ಗದರ್ಶಿಯೂ ಹೇಳುವ ಮಾತು ಇದು. ರಿಂಚೆನ್ ಝಂಗ್ಪೊ (958–1055) ಕಾಶ್ಮೀರದಲ್ಲಿ ಕಲಿತು ಬಂದ ಮಹಾ ಅನುವಾದಕ. 108 ದೇಗುಲ ಕಟ್ಟಿಸಿದ ಎಂಬ ಐತಿಹ್ಯ ಅವನ ಸುತ್ತ ಬೆಳೆದಿದೆ. ಹಾಗಾಗಿ ಹಳೆಯ ದೇಗುಲ ಕಂಡಲ್ಲೆಲ್ಲ ಅವನ ಹೆಸರು ಸೇರುತ್ತದೆ.

ಆಲ್ಚಿಯ ಗೋಡೆಗಳು ಬೇರೆಯೇ ಹೇಳುತ್ತವೆ. ಸಭಾದೇಗುಲದ ಶಾಸನದಲ್ಲಿರುವ ಹೆಸರು ಕಲ್ದೆನ್ ಶೆರಬ್‌ನದು. ಮೂರಂತಸ್ತಿನ ಸುಮ್ತ್ಸೆಕ್ ದೇಗುಲದಲ್ಲಿರುವುದು ತ್ಸುಲ್ತ್ರಿಮ್ ಓ ಎಂಬಾತನ ಹೆಸರು. ಸುಮ್ತ್ಸೆಕ್‌ನ ಮೂರನೆಯ ಅಂತಸ್ತಿನಲ್ಲಿ ಗುರುಪರಂಪರೆಯ ಚಿತ್ರವಿದೆ. ಆ ಸಾಲು ಬಂದು ನಿಲ್ಲುವುದು ದ್ರಿಕುಂಗ್ ಪಂಥದ ಸ್ಥಾಪಕ ಜಿಗ್ತೆನ್ ಗೊನ್ಪೊ ಬಳಿ. ಅವನ ಕಾಲ 1143ರಿಂದ 1217. ರಿಂಚೆನ್ ಝಂಗ್ಪೊ ತೀರಿಕೊಂಡು ಎಂಟು-ಒಂಬತ್ತು ದಶಕದ ಮೇಲೆ ಹುಟ್ಟಿದವನ ಚಿತ್ರ ಗೋಡೆಯ ಮೇಲಿದೆಯೆಂದ ಮೇಲೆ ಈ ಅಂತಸ್ತು ಹನ್ನೆರಡನೆಯ ಶತಮಾನದ ಕೊನೆಗಿಂತ ಹಿಂದಿನದಾಗಲಾರದು. ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಐತಿಹ್ಯವನ್ನು ಕೇಳಿಸಿಕೊಳ್ಳಬೇಕು, ಗೌರವಿಸಬೇಕು, ಆಮೇಲೆ ಗೋಡೆಯ ಕಡೆ ತಿರುಗಿ ಅದು ಹೇಳುವುದನ್ನೂ ಕೇಳಬೇಕು.

ಸುಮ್ತ್ಸೆಕ್‌ನ ಕೆಳ ಅಂತಸ್ತಿನಲ್ಲಿ ಮೂರು ಗೂಡು, ಮೂರು ದೈತ್ಯಾಕಾರದ ಮಣ್ಣಿನ ಬೋಧಿಸತ್ವರು. ತಲೆ ಮೇಲಿನ ಅಂತಸ್ತಿನಲ್ಲಿದೆ, ಕೆಳಗೆ ನಿಂತವರ ಕಣ್ಣಿಗೆ ಸಿಗುವುದು ಅವರ ಪಂಚೆಗಳು. ಅವಲೋಕಿತೇಶ್ವರನ ಪಂಚೆಯ ತುಂಬ ಕಾಶ್ಮೀರದ ದೇಗುಲಗಳು, ಅರಮನೆಗಳು, ಕುದುರೆ ಸವಾರರು; ಆ ಕಾಲದ ಕಾಶ್ಮೀರದಲ್ಲಿ ಇಂಥ ಚಿತ್ರ ಒಂದೂ ಉಳಿದಿಲ್ಲ, ಇಲ್ಲಿ ಉಳಿದಿದೆ. ಮೈತ್ರೇಯನ ಪಂಚೆಯಲ್ಲಿ ಬುದ್ಧನ ಬದುಕು. ಮಂಜುಶ್ರೀಯ ಪಂಚೆಯಲ್ಲಿ 84 ಸಿದ್ಧರು.

ಕನ್ನಡಿಗರು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. 84 ಸಿದ್ಧರ ಪರಂಪರೆಯಲ್ಲಿ ಮೀನನಾಥ, ಗೋರಕ್ಷರೂ ಇದ್ದಾರೆ. ನಮ್ಮ ಮಂಗಳೂರಿನ ಕದ್ರಿಯ ಜೋಗಿಮಠ ನೆನೆಯುವ ನಾಥಗುರುಗಳೇ ಅವರು. ಅದೇ ಕದ್ರಿ ದೇವಸ್ಥಾನದಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಅಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಅದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದ ಎಂದು ಪೀಠದ ಶಾಸನ ಹೇಳುತ್ತದೆ. ಲೋಕೇಶ್ವರ ಎಂದರೆ ಅವಲೋಕಿತೇಶ್ವರನೇ. ರಿಂಚೆನ್ ಝಂಗ್ಪೊ ಆಗ ಹತ್ತು ವರ್ಷದ ಬಾಲಕ, ತಾಬೊ ಇನ್ನೂ ಕಟ್ಟಿರಲಿಲ್ಲ. ಗದಗ ಸೀಮೆಯ ಡಂಬಳದಲ್ಲಿ 1095ರಷ್ಟು ಈಚಿನ ಶಾಸನವೂ ಬೌದ್ಧ ವಿಹಾರ, ತಾರಾದೇವಿಯ ಹೆಸರು ಹೇಳುತ್ತದೆ. ಬೆಟ್ಟದ ಬೌದ್ಧಧರ್ಮ ನಮಗೆ ತೀರ ಹೊರಗಿನದು ಅನ್ನುವ ಭಾವನೆಯೂ ಸರಿಯಲ್ಲ.

‘ಉಗ್ರಮೂರ್ತಿಗಳೆಂದರೆ ದೆವ್ವದ ಪೂಜೆ’

ಲೇಹ್ ವಿಮಾನ ನಿಲ್ದಾಣದ ಪಕ್ಕದ ಸ್ಪಿತುಕ್ ಗೊಂಪಾದ ಮೇಲ್ತುದಿಯಲ್ಲಿ ಒಂದು ಕತ್ತಲ ಗುಡಿಯಿದೆ. ಅಲ್ಲಿನ ಮೂರ್ತಿಗಳ ಮುಖಕ್ಕೆ ವರ್ಷವಿಡೀ ಬಟ್ಟೆ ಮುಚ್ಚಿರುತ್ತದೆ, ಚಳಿಗಾಲದ ಗುಸ್ತೋರ್ ಹಬ್ಬದಲ್ಲಿ ಮಾತ್ರ ತೆರೆಯುತ್ತಾರೆ. ಬಯಲುಸೀಮೆಯಿಂದ ಬಂದ ಯಾತ್ರಿಕರು, ಸೈನಿಕರು ಇದನ್ನು ಕಾಳಿಮಾತೆಯ ಗುಡಿಯೆಂದೇ ಕರೆದು ಕೈಮುಗಿಯುತ್ತಾರೆ. ಭಕ್ತಿಗೆ ತಕರಾರಿಲ್ಲ. ಆದರೆ ಭಿಕ್ಷುಗಳು ಹೇಳುವುದು ಅದು ವಜ್ರಭೈರವ ಎಂದು.

ವಜ್ರಭೈರವನಿಗೆ ಒಂಬತ್ತು ಮುಖ, 34 ಕೈ, 16 ಕಾಲು. ಮುಂದಿನ ಮುಖ ಕೋಣನದು, ಸುತ್ತ ಜ್ವಾಲೆ, ಕೊರಳಲ್ಲಿ ರುಂಡಮಾಲೆ. ಎಳೆಯರು ನೋಡಿ ಬೆದರುತ್ತಾರೆ. ಅವರಿಗೆ ಚಿತ್ರಪಟದಲ್ಲಿ ಎಲ್ಲಕ್ಕಿಂತ ಮೇಲಿನ ಮುಖವನ್ನು ತೋರಿಸಬೇಕು. ಅದು ಶಾಂತವಾಗಿದೆ, ಹಳದಿ ಬಣ್ಣದ್ದು, ಮಂಜುಶ್ರೀಯದು. ಸುಧನನನ್ನು ಗುರುಗಳ ಬಳಿಗೆ ಕಳಿಸಿದ ಅದೇ ಪ್ರಜ್ಞೆಯ ಬೋಧಿಸತ್ವ ಯಮನನ್ನು, ಅಂದರೆ ಸಾವಿನ ಭಯವನ್ನು, ಎದುರಿಸುವಾಗ ತಳೆದ ರೂಪ ಇದು. ತುಳಿಸಿಕೊಳ್ಳುತ್ತಿರುವುದು ಅಹಂಕಾರ, ಅಜ್ಞಾನ. ಉಗ್ರನರಸಿಂಹನನ್ನೂ ವೀರಭದ್ರನನ್ನೂ ಪೂಜಿಸಿಕೊಂಡು ಬಂದ ನಾಡಿನವರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ.

‘ಹೆಮಿಸ್‌ನಲ್ಲಿ ಯೇಸುವಿನ ಗುಪ್ತ ಚರಿತ್ರೆಯಿದೆ’

ಯಾವ ಗುಂಪಿನಲ್ಲೂ ಈ ಪ್ರಶ್ನೆ ತಪ್ಪುವುದಿಲ್ಲ. ನಿಕೊಲಸ್ ನೊಟೊವಿಚ್ ಎಂಬ ರಷ್ಯಾದವನು 1894ರಲ್ಲಿ ಪ್ಯಾರಿಸ್‌ನಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಲಡಾಖಿನಲ್ಲಿ ಕಾಲು ಮುರಿದುಕೊಂಡು ಹೆಮಿಸ್ ಗೊಂಪಾದಲ್ಲಿ ಮಲಗಿದ್ದಾಗ, ಯೇಸು ತನ್ನ ಯೌವನದಲ್ಲಿ ಭಾರತಕ್ಕೆ ಬಂದು ಕಲಿತ ಕತೆಯಿರುವ ಹಸ್ತಪ್ರತಿಯನ್ನು ಲಾಮಾ ತನಗೆ ಓದಿ ಹೇಳಿದರು ಎಂದು ಬರೆದ. ಪುಸ್ತಕ ಯುರೋಪಿನಲ್ಲಿ ಬಿಸಿದೋಸೆಯಂತೆ ಖರ್ಚಾಯಿತು.

ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಅದೇ ವರ್ಷ ಅನುಮಾನ ಎತ್ತಿದರು. ಆಗ್ರಾದ ಸರ್ಕಾರಿ ಕಾಲೇಜಿನ ಪ್ರಾಧ್ಯಾಪಕ ಆರ್ಚಿಬಾಲ್ಡ್ ಡಗ್ಲಸ್ 1895ರಲ್ಲಿ ನೇರ ಹೆಮಿಸ್‌ಗೇ ಹೋಗಿ ಮುಖ್ಯ ಲಾಮಾರನ್ನು ಕೇಳಿದರು. ಅಂಥ ಗ್ರಂಥ ಇಲ್ಲ, ಕಾಲು ಮುರಿದ ಸಾಹೇಬ ಬಂದು ತಂಗಿದ್ದೂ ಇಲ್ಲ ಎಂಬ ಉತ್ತರ ಬಂತು. ಆಮೇಲೆ 1922ರಲ್ಲಿ ಹೋದ ಸ್ವಾಮಿ ಅಭೇದಾನಂದರು ತಮಗೆ ಹಸ್ತಪ್ರತಿ ತೋರಿಸಿದರೆಂದು ಬರೆದದ್ದುಂಟು. ಆದರೆ ವಿದ್ವಾಂಸರು ಪರೀಕ್ಷಿಸುವಂತೆ ಆ ಪ್ರತಿ ಇಂದಿನವರೆಗೆ ಹೊರಬಂದಿಲ್ಲ. ಹೆಮಿಸ್ ಕಟ್ಟಿದ್ದು ಹದಿನೇಳನೆಯ ಶತಮಾನದಲ್ಲಿ, ದೊರೆ ಸೆಂಗೆ ನಮ್‌ಗ್ಯಾಲ್‌ನ ಆಶ್ರಯದಲ್ಲಿ. ಮೂಲ ಪಾಲಿಯಲ್ಲಿತ್ತು, ಅಲ್ಲಿಂದ ಟಿಬೆಟನ್ನಿಗೆ ಬಂತು ಎನ್ನುತ್ತಾನೆ ನೊಟೊವಿಚ್. ಆದರೆ ಟಿಬೆಟನ್ನಿಗೆ ಗ್ರಂಥಗಳು ಬಂದದ್ದು ಮುಖ್ಯವಾಗಿ ಸಂಸ್ಕೃತದಿಂದ.

ನನಗೆ ಬೇಸರ ತರಿಸುವುದು ಕತೆ ಸುಳ್ಳೆಂಬುದಲ್ಲ. ಬುದ್ಧವಚನವೆನ್ನುವ ಕಂಗ್ಯುರ್ ನೂರಕ್ಕೂ ಹೆಚ್ಚು ಸಂಪುಟ, ಭಾರತದ ಆಚಾರ್ಯರ ಶಾಸ್ತ್ರಗಳಿರುವ ತೆಂಗ್ಯುರ್ ಇನ್ನೂರಕ್ಕೂ ಹೆಚ್ಚು. ನಮ್ಮಲ್ಲಿ ಸಂಸ್ಕೃತ ಮೂಲವೇ ಕಳೆದುಹೋದ ಎಷ್ಟೋ ಕೃತಿಗಳು ಟಿಬೆಟನ್ ಅನುವಾದದಲ್ಲಿ ಮಾತ್ರ ಬದುಕಿವೆ. ಬಟ್ಟೆ ಸುತ್ತಿದ ಆ ಹೊತ್ತಗೆಗಳ ಕಪಾಟಿನ ಮುಂದೆ ನಿಂತು ಇಲ್ಲದ ಒಂದು ಪುಸ್ತಕವನ್ನು ಕೇಳುತ್ತೇವೆ, ಇರುವ ನೂರಾರು ಸಂಪುಟಗಳ ಬಗ್ಗೆ ಕೇಳುವುದಿಲ್ಲ.

‘ಮುಖವಾಡದ ಕುಣಿತ ಪ್ರವಾಸಿಗರ ಮನರಂಜನೆಗೆ’

ಹೆಮಿಸ್‌ನ ತ್ಸೆಚು ಹಬ್ಬ ಜೂನ್-ಜುಲೈನಲ್ಲಿ ಬರುವುದರಿಂದ ಈ ಭಾವನೆ ಬಲವಾಗಿದೆ. ಆದರೆ ಸ್ಪಿತುಕ್‌ನ ಗುಸ್ತೋರ್, ಮಾಥೊದ ನಾಗ್ರಂಗ್ ಮೊದಲಾದವು ರಸ್ತೆ ಮುಚ್ಚುವ ಚಳಿಗಾಲದಲ್ಲಿ ನಡೆಯುತ್ತವೆ. ಹೊಲದ ಕೆಲಸ ಮುಗಿದು ಊರವರಿಗೆ ಬಿಡುವಿರುವ ಕಾಲ ಅದು. ಛಮ್ ಎಂಬ ಈ ಕುಣಿತ ಭಿಕ್ಷುಗಳ ಅನುಷ್ಠಾನ. ಕುಣಿಯುವವರು ಮುಂಚೆಯೇ ದಿನಗಟ್ಟಲೆ ಪೂಜೆ, ಜಪದಲ್ಲಿರುತ್ತಾರೆ. ಹೆಮಿಸ್‌ನಲ್ಲಿ ಕಾಣುವುದು ಗುರು ಪದ್ಮಸಂಭವನ ಎಂಟು ರೂಪಗಳು. ಕೊನೆಗೆ ಹಿಟ್ಟಿನ ಬೊಂಬೆಯೊಂದನ್ನು ಕತ್ತರಿಸುತ್ತಾರೆ. ನಾಶವಾಗುವುದು ನಾನು ಎಂಬುದು. ಮುಂದಿನ ಸಾಲು ಊರಿನ ಅಜ್ಜಿಯರದು. ಕ್ಯಾಮೆರಾ ಹಿಡಿದು ಅವರ ಮುಂದೆ ನಿಲ್ಲಬಾರದು, ಕುಣಿತದ ವೃತ್ತದೊಳಗೆ ಕಾಲಿಡಬಾರದು. ಇಷ್ಟು ಪಾಲಿಸಿದರೆ ಸಾಕು.

‘ಕೆಂಪು ಬಟ್ಟೆಯವರೆಲ್ಲ ಒಂದೇ ಪಂಥ’

ಅಲ್ಲ. ಹೆಮಿಸ್ ದ್ರುಕ್ಪಾ ಕಗ್ಯು, ಲಾಮಾಯುರು ದ್ರಿಕುಂಗ್ ಕಗ್ಯು, ಮಾಥೊ ಸಾಕ್ಯ, ತಕ್‌ಥೋಕ್ ನ್ಯಿಂಗ್ಮಾ, ತಿಕ್ಸೆ ಗೆಲುಗ್. ಒಂದೇ ಕಣಿವೆಯಲ್ಲಿ ಇವೆಲ್ಲ ಅಕ್ಕಪಕ್ಕದಲ್ಲಿವೆ. ಗುರುಪರಂಪರೆ ಬೇರೆ, ಸಾಧನಾಕ್ರಮ ಬೇರೆ. ಹೋಗುವ ಗೊಂಪಾದ ಪಂಥ ಯಾವುದೆಂದು ತಿಳಿದುಕೊಂಡು ಹೋದರೆ ಗೋಡೆಯ ಮೇಲಿನ ಗುರುಗಳ ಗುರುತು ಅರ್ಧ ಹತ್ತಿದಂತೆ.

‘ಗೊಂಪಾದಲ್ಲಿ ಭಿಕ್ಷುಗಳು ಸದಾ ಮೌನ ಧ್ಯಾನದಲ್ಲಿರುತ್ತಾರೆ’

ಪೇಟೆಯ ಸದ್ದಿನಿಂದ ಬೇಸತ್ತವರು ಮೌನ ಹುಡುಕಿಕೊಂಡು ಬರುತ್ತಾರೆ, ಬಂದು ನಿರಾಸೆಗೊಳ್ಳುತ್ತಾರೆ. ಗೊಂಪಾ ಬೆಳಗಿನಿಂದ ಕೆಲಸದ ಜಾಗ. ಹುಡುಗರು ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತಿರುತ್ತಾರೆ, ಅಡುಗೆಮನೆಯಲ್ಲಿ ಹಂಡೆ ಸದ್ದು, ಲೆಕ್ಕ ನೋಡುವವರು, ಕಾಳು ಅಳೆಯುವವರು. ಊರಲ್ಲಿ ಯಾರಾದರೂ ಸತ್ತರೆ, ಮನೆ ಕಟ್ಟಿದರೆ, ಬಿತ್ತನೆಗೆ ಮುಹೂರ್ತ ಬೇಕಾದರೆ ಭಿಕ್ಷುಗಳು ಇಳಿದುಹೋಗುತ್ತಾರೆ. ಲಡಾಖಿನ ಹಳ್ಳಿಗಳಲ್ಲಿ ಬುಮ್‌ಸ್ಕೋರ್ ಎಂಬ ಆಚರಣೆಯಿದೆ. ಪ್ರಜ್ಞಾಪಾರಮಿತೆಯ ಭಾರವಾದ ಸಂಪುಟಗಳನ್ನು ಬೆನ್ನಿಗೆ ಕಟ್ಟಿಕೊಂಡು ಊರವರು ಹೊಲಗಳ ಸುತ್ತ ಪ್ರದಕ್ಷಿಣೆ ಬರುತ್ತಾರೆ, ಬೆಳೆ ಚೆನ್ನಾಗಿ ಆಗಲಿ ಎಂದು. ಧ್ಯಾನಕ್ಕೆ ಬೇರೆ ಗುಹೆಗಳು, ಬೇರೆ ಕಾಲ ಇವೆ. ಅಲ್ಲಿಗೆ ನಾವು ಹೋಗಿ ತೊಂದರೆ ಕೊಡದಿರುವುದೇ ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡ ಸದ್ದು ವಾದದ್ದು. ಗೆಲುಗ್ ಪಂಥದಲ್ಲಿ ವಾದವೇ ಪಾಠದ ಬೆನ್ನೆಲುಬು. ಉತ್ತರ ಹೇಳುವವನು ನೆಲದ ಮೇಲೆ ಕೂತಿರುತ್ತಾನೆ. ಪ್ರಶ್ನೆ ಕೇಳುವವನು ನಿಂತು, ಮೊದಲು ಮಂಜುಶ್ರೀಯ ಬೀಜಾಕ್ಷರ ‘ಧೀಃ’ ಉಚ್ಚರಿಸಿ, ಬಲಗೈ ಮೇಲೆತ್ತಿ, ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಎರಡೂ ಅಂಗೈ ಚಟ್ಟನೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಕೂತವನು ಉದ್ದುದ್ದ ಮಾತಾಡುವಂತಿಲ್ಲ. ‘ಒಪ್ಪಿದೆ’, ‘ಏಕೆ?’, ‘ಹೇತು ಸಿದ್ಧವಾಗಿಲ್ಲ’, ‘ವ್ಯಾಪ್ತಿಯಿಲ್ಲ’: ಉತ್ತರ ಇಂಥದ್ದರಲ್ಲಿ ಒಂದಾಗಿರಬೇಕು. ಹೇತು, ವ್ಯಾಪ್ತಿ ಅನ್ನುವಾಗ ನಮ್ಮ ತರ್ಕಶಾಸ್ತ್ರ ಓದಿದವರ ಕಿವಿ ನೆಟ್ಟಗಾಗುತ್ತದೆ. ಅದು ಧರ್ಮಕೀರ್ತಿಯ ಪ್ರಮಾಣವಾರ್ತಿಕ ಕೊಟ್ಟ ಶಿಕ್ಷಣ, ನಾಲಂದಾದ ಬಳುವಳಿ. ಅದರ ಜೊತೆಗೆ ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ ಸೇರಿ ಐದು ಮಹಾಗ್ರಂಥಗಳು. ಇವನ್ನು ಮುಗಿಸಿ ಗೆಶೆ ಪದವಿ ಪಡೆಯಲು ಹದಿನೈದು, ಇಪ್ಪತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ.

ಈ ಓದು ಈಗ ನಡೆಯುವುದು ಎಲ್ಲಿ? ಹಿಂದೆ ಲಡಾಖ್, ಸ್ಪಿತಿಯ ಹುಡುಗರು ಉನ್ನತ ಓದಿಗೆ ಟಿಬೆಟ್‌ಗೆ ನಡೆದುಹೋಗುತ್ತಿದ್ದರು. 1409ರ ಗಂದೆನ್, 1416ರ ದ್ರೆಪುಂಗ್, 1419ರ ಸೆರಾ ಲಾಸಾದ ಸುತ್ತಲಿನ ಮಹಾವಿದ್ಯಾಲಯಗಳು. 1959ರಲ್ಲಿ ಆ ದಾರಿ ಮುಚ್ಚಿತು. ತಪ್ಪಿಸಿಕೊಂಡು ಬಂದ ಭಿಕ್ಷುಗಳನ್ನು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಶಿಬಿರದಲ್ಲಿ ಇರಿಸಿದರು. ಕ್ಷಯರೋಗ ಅನೇಕರನ್ನು ಕೊಂಡೊಯ್ಯಿತು. ಉಳಿದವರು ಓದು ನಿಲ್ಲಿಸಲಿಲ್ಲ. ಅಲ್ಲಿಂದ 1969ರ ಹೊತ್ತಿಗೆ ಮುಂಡಗೋಡಕ್ಕೂ ಬೈಲಕುಪ್ಪೆಗೂ ಬಂದರು. ಕಾಡು ಕಡಿದು, ಜೋಳ ಬಿತ್ತಿ, ಗುಡಿಸಲಲ್ಲಿ ಪಾಠ ಶುರುಮಾಡಿದರು. ಇಂದು ದ್ರೆಪುಂಗ್, ಗಂದೆನ್ ಉತ್ತರ ಕನ್ನಡದಲ್ಲಿವೆ, ಸೆರಾ ಮತ್ತು ತಾಶಿ ಲುನ್ಪೊ ಮೈಸೂರು ಜಿಲ್ಲೆಯಲ್ಲಿವೆ. ಲಡಾಖ್, ಸ್ಪಿತಿ, ಕಿನ್ನೌರಿನ ಗೆಲುಗ್ ಗೊಂಪಾಗಳ ಹುಡುಗರು ಓದಲು ನಮ್ಮಲ್ಲಿಗೇ ಬರುತ್ತಾರೆ. ಅಲ್ಲಿನ ಗೊಂಪಾದಲ್ಲಿ ಒಬ್ಬ ಭಿಕ್ಷು ನಿಮ್ಮ ಊರು ಕೇಳಿ, ಕನ್ನಡದಲ್ಲಿ ‘ಊಟ ಆಯ್ತಾ’ ಎಂದರೆ ಅಚ್ಚರಿಪಡಬೇಕಾಗಿಲ್ಲ. ಆದ್ದರಿಂದ ಅಧ್ಯಯನ ಪ್ರವಾಸದ ಮೊದಲ ನಿಲ್ದಾಣ ಮುಂಡಗೋಡ ಅಥವಾ ಬೈಲಕುಪ್ಪೆ ಆಗಬೇಕು ಎಂಬುದು ನನ್ನ ಹಟ. ಸಂಜೆ ಸೆರಾದ ವಾದದ ಅಂಗಳದ ಅಂಚಿನಲ್ಲಿ ಕೂತು ನೋಡಿದವರಿಗೆ ಹಿಮಾಲಯದ ಗೊಂಪಾ ಬೇರೆಯೇ ಆಗಿ ಕಾಣುತ್ತದೆ.

‘ಈ ಓದು ಗಂಡಸರಿಗೆ ಮಾತ್ರ’

ಬಹುಕಾಲ ಹಾಗೇ ಇತ್ತೆಂಬುದನ್ನು ಮುಚ್ಚಿಡಬಾರದು. ಲಡಾಖಿನಲ್ಲಿ ಸನ್ಯಾಸಿನಿಯಾದವಳು ತವರಿನ ಹೊಲಗೆಲಸ, ಮನೆಗೆಲಸ ಮಾಡಿಕೊಂಡೇ ಬದುಕು ಕಳೆಯುತ್ತಿದ್ದದ್ದು ಹೆಚ್ಚು. ಮಹಾಗ್ರಂಥಗಳ ಪರೀಕ್ಷೆ ಅವಳಿಗೆ ತೆರೆದಿರಲಿಲ್ಲ. 2012ರಲ್ಲಿ ಆ ಪರೀಕ್ಷೆಯನ್ನು ಸನ್ಯಾಸಿನಿಯರಿಗೂ ತೆರೆಯುವ ನಿರ್ಧಾರವಾಯಿತು. 2016ರ ಡಿಸೆಂಬರ್‌ನಲ್ಲಿ 20 ಮಂದಿ ಸನ್ಯಾಸಿನಿಯರು ನಾಲ್ಕು ವರ್ಷದ ಪರೀಕ್ಷೆ ಮುಗಿಸಿ ಗೆಶೆಮಾ ಪದವಿ ಪಡೆದರು. ಸಮಾರಂಭ ನಡೆದದ್ದು ಮುಂಡಗೋಡದ ದ್ರೆಪುಂಗ್‌ನಲ್ಲಿ, ಅದರ 600ನೆಯ ವರ್ಷದ ಉತ್ಸವದಲ್ಲಿ. ಮುಂಡಗೋಡದಲ್ಲೇ ಸನ್ಯಾಸಿನಿಯರ ಜಂಗ್‌ಚುಬ್ ಚೋಲಿಂಗ್ ಮಠವೂ ಇದೆ. ಇಷ್ಟು ದೊಡ್ಡ ಸಂಗತಿ ಕರ್ನಾಟಕದ ನೆಲದಲ್ಲಿ ನಡೆದದ್ದು ನಮ್ಮ ಎಷ್ಟು ಪಠ್ಯಪುಸ್ತಕಗಳಿಗೆ ಗೊತ್ತು? ಹೆಣ್ಣುಮಕ್ಕಳಿರುವ ಗುಂಪು ಹೋದಾಗ ಸ್ಪಿತಿ, ಲಡಾಖಿನ ಸನ್ಯಾಸಿನಿ ಮಠಗಳನ್ನು ಪಟ್ಟಿಯಲ್ಲಿ ಸೇರಿಸಲೇಬೇಕು. ಗಂಡುಮಕ್ಕಳೂ ನೋಡಬೇಕು.

‘ಬೌದ್ಧ ಭಿಕ್ಷುಗಳು ಮಾಂಸ ಮುಟ್ಟುವುದಿಲ್ಲ’

ವರ್ಷದ ಅರ್ಧ ಭಾಗ ಸೊಪ್ಪುಸದೆ ಬೆಳೆಯದ ಸೀಮೆಯಲ್ಲಿ ಬಾರ್ಲಿ ಹಿಟ್ಟು, ಬೆಣ್ಣೆ ಚಹಾ, ಒಣಗಿಸಿದ ಮಾಂಸ ಬದುಕಿನ ಆಧಾರ. ತನಗಾಗಿ ಕೊಂದದ್ದೆಂದು ಕಾಣದ, ಕೇಳದ, ಅನುಮಾನಿಸದ ಮಾಂಸವನ್ನು ವಿನಯ ನಿಯಮಗಳು ನಿಷೇಧಿಸುವುದಿಲ್ಲ. ಒಂದು ಜೀವ ಹಲವರಿಗಾಗಲಿ ಎಂದು ದೊಡ್ಡ ಪ್ರಾಣಿಯನ್ನು ಆರಿಸಿ, ಮೀನಿನಂಥ ಸಣ್ಣ ಜೀವಗಳನ್ನು ಬಿಡುವ ಲಡಾಖಿಗಳೂ ಇದ್ದಾರೆ. ದಕ್ಷಿಣದ ಅನೇಕ ಮಠಗಳು ಸಾಮೂಹಿಕ ಅಡುಗೆಯಲ್ಲಿ ಮಾಂಸ ನಿಲ್ಲಿಸಿವೆ. ಊಟ ನೋಡಿ ಧರ್ಮ ಅಳೆಯುವ ಅವಸರ ನಮಗೆ ಬೇಡ.

‘ಗಟ್ಟಿಮುಟ್ಟಾದವರಿಗೆ ಎತ್ತರ ಏನೂ ಮಾಡುವುದಿಲ್ಲ’

ಪ್ರಾಣಕ್ಕೆ ಎರವಾಗುವ ತಪ್ಪು ತಿಳಿವಳಿಕೆ ಇದೊಂದೇ. ಲೇಹ್ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಮೇಲಿದೆ. ಒಂದು ಉಸಿರಿನಲ್ಲಿ ಸಿಗುವ ಆಮ್ಲಜನಕ ಬೆಂಗಳೂರಿನಲ್ಲಿ ಸಿಗುವುದಕ್ಕಿಂತ ಬಹಳ ಕಡಿಮೆ. ಸಮುದ್ರದ ದಂಡೆಯ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು. ಎತ್ತರದ ಕಾಯಿಲೆಗೆ ವ್ಯಾಯಾಮದ ಮೈ, ಸಣಕಲು ಮೈ ಎಂಬ ಭೇದವಿಲ್ಲ. ಕ್ರೀಡಾಪಟುಗಳೇ ಅವಸರಪಟ್ಟು ಮಲಗಿಬಿಡುತ್ತಾರೆ. ವಿಮಾನದಿಂದ ಇಳಿದ ಮೇಲೆ ಎರಡು ದಿನ ಲೇಹ್‌ನಲ್ಲೇ ಸುಮ್ಮನಿರಬೇಕು. ತಲೆನೋವು, ವಾಕರಿಕೆ ಇರುವಾಗ ಇನ್ನೂ ಮೇಲೇರಬಾರದು. ಕೂತಲ್ಲೇ ಏದುಸಿರು, ಕೆಮ್ಮು, ನಡೆಯುವಾಗ ತೂರಾಟ, ಗೊಂದಲದ ಮಾತು ಕಂಡರೆ ರಾತ್ರಿಯೆನ್ನದೆ ಕೆಳಗಿಳಿಸಿ ಆಸ್ಪತ್ರೆ ಸೇರಿಸಬೇಕು. ಮಾತ್ರೆಯ ವಿಚಾರವನ್ನು ಹೊರಡುವ ಮೊದಲೇ ವೈದ್ಯರ ಬಳಿ ಮಾತಾಡಿಕೊಳ್ಳಬೇಕು.

ಇದರ ತಿರುವುಮುರುವು ಸಾವಿರ ವರ್ಷದ ಹಿಂದೆ ನಡೆದಿದೆ. ಯೆಶೆ ಓ ಕಾಶ್ಮೀರಕ್ಕೂ ಬಯಲು ಭಾರತಕ್ಕೂ ಓದಲು ಕಳಿಸಿದ 21 ತರುಣರಲ್ಲಿ ಹೆಚ್ಚಿನವರು ಸೆಕೆ, ಜ್ವರಗಳಿಗೆ ಸಿಕ್ಕಿ ಸತ್ತರೆಂದೂ ರಿಂಚೆನ್ ಝಂಗ್ಪೊ, ಲೆಗ್ಪೈ ಶೆರಬ್ ಇಬ್ಬರೇ ಮರಳಿದರೆಂದೂ ಟಿಬೆಟ್ಟಿನ ಪರಂಪರೆ ಹೇಳುತ್ತದೆ. ತಾಬೊದಲ್ಲಿ ಈ ಕತೆ ಹೇಳಿದ ಮೇಲೆ ವಿಶ್ರಾಂತಿ ಬೇಡವೆಂದು ಹಟ ಹಿಡಿಯುವ ಹುಡುಗರೂ ಸುಮ್ಮನಾಗುತ್ತಾರೆ.

‘ಶೀತ ಮರುಭೂಮಿಯಲ್ಲಿ ಚಿತ್ರಗಳು ಕೆಡುವುದಿಲ್ಲ’

ಇಷ್ಟು ಕಾಲ ಕೆಡಲಿಲ್ಲ, ನಿಜ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ-ಹಿಮದ ಒಟ್ಟು ಲೆಕ್ಕ ಸುಮಾರು 100 ಮಿಲಿಮೀಟರ್. ಆ ಲೆಕ್ಕಕ್ಕೆ ತಕ್ಕಂತೆ ಕಟ್ಟಿದ ಚಾವಣಿಗಳಿವು: ಪಾಪ್ಲರ್ ತೊಲೆ, ಅದರ ಮೇಲೆ ವಿಲ್ಲೋ ಕಡ್ಡಿಗಳ ಹಾಸು, ಹುಲ್ಲು, ಆಮೇಲೆ ಮಣ್ಣು, ಮೇಲೆ ನೀರು ಇಳಿಯದಂತೆ ಮರ್ಕಲಕ್ ಎಂಬ ಜೇಡಿ. ಹಿಮ ಬಿದ್ದರೆ ಗುಡಿಸಿ ಹಾಕಬಹುದು, ಜಡಿಮಳೆಯನ್ನು ತಡೆಯಲು ಇದು ಮಾಡಿದ್ದಲ್ಲ. 2010ರ ಆಗಸ್ಟ್ 5ರ ರಾತ್ರಿಯ ಮೇಘಸ್ಫೋಟ ಲೇಹ್‌ನಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ನೀರು ಸೋರಿದ ಕಡೆ ಮಣ್ಣು ಕರಗಿ ಬಣ್ಣದ ಮೇಲೆ ಕಂದು ಗೆರೆಗಳಾಗಿ ಇಳಿಯುತ್ತದೆ. ಆಲ್ಚಿಯಲ್ಲೂ ತಾಬೊದಲ್ಲೂ ಅಂಥ ಗೆರೆಗಳನ್ನು ಕಣ್ಣಾರೆ ನೋಡಬಹುದು. ಹೆದರಿ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಹೋಗದೆ ಗಾರೆ ಉಬ್ಬಿ ಉದುರುತ್ತದೆ.

ಇದರಲ್ಲಿ ನಮ್ಮ ಪಾಲೂ ಇದೆ. ಸಣ್ಣ ಗುಡಿಯೊಳಗೆ ನಲವತ್ತು ಜನ ಒಟ್ಟಿಗೆ ನುಗ್ಗಿದರೆ ಉಸಿರಿನ ತೇವ ಗೋಡೆಗೆ ಹತ್ತುತ್ತದೆ, ಬೆನ್ನಚೀಲ ಉಜ್ಜಿದಲ್ಲಿ ಬಣ್ಣ ಕಿತ್ತುಬರುತ್ತದೆ. ಆದ್ದರಿಂದ ಗುಂಪನ್ನು ಏಳೆಂಟು ಜನರ ತಂಡಗಳಾಗಿ ಒಡೆದು, ಚೀಲ ಹೊರಗಿಟ್ಟು, ಒಂದೊಂದೇ ತಂಡ ಒಳಗೆ ಹೋಗಲಿ. ತಾಬೊದ ಮುಖ್ಯ ದೇಗುಲ, ಆಲ್ಚಿಯ ಗುಡಿಗಳೊಳಗೆ ಫೋಟೊ ತೆಗೆಯುವಂತಿಲ್ಲ. ಪೆನ್ಸಿಲು, ಪುಸ್ತಕ ಹಿಡಿದುಹೋಗಿ ಹೊರಬಂದ ಮೇಲೆ ನೆನಪಿನಿಂದ ಬರೆದುಕೊಳ್ಳಲಿ. ಬೀಗದ ಕೈ ಹಿಡಿದ ಭಿಕ್ಷುವನ್ನು ಅವಸರಪಡಿಸದೆ, ಈ ವರ್ಷ ಚಾವಣಿಗೆ ಹೊಸ ಮಣ್ಣು ಹಾಕಿದ್ದೀರಾ ಎಂದು ವಿಚಾರಿಸಿ. ಹಾಕಿಲ್ಲವೆಂದರೆ ಗುಂಪಿನ ಕಾಣಿಕೆ ಆ ಕೆಲಸಕ್ಕೇ ಹೋಗಲಿ.